ಕಿವಿಯ ನಾಟಕ ಕಣ್ಣೆದುರಿಗೆ: ಅಮೆರಿಕದ ಹಳೆಯ ಬಾನುಲಿ ನಾಟಕಗಳ ಮರುಪ್ರಯೋಗ

ಅಮೆರಿಕದ ಸಣ್ಣಪುಟ್ಟ ಊರುಗಳ ನಾಟಕ ತಂಡಗಳು ಹಲವು ದಶಕಗಳಿಂದ ಒಂದು ವಿಶಿಷ್ಟ ಪ್ರಯೋಗವನ್ನು ರೂಢಿಸಿಕೊಂಡು ಬಂದಿವೆ. 1930 ಮತ್ತು 1940ರ ದಶಕಗಳಲ್ಲಿ ಅಲ್ಲಿಯ ಬಾನುಲಿಯಿಂದ ಬಿತ್ತರಗೊಂಡ ನಾಟಕಗಳನ್ನೂ ಹಾಸ್ಯ ಕಾರ್ಯಕ್ರಮಗಳನ್ನೂ, ಅವು ಅಂದು ಸ್ಟುಡಿಯೋದಲ್ಲಿ ಹೇಗೆ ನಡೆದವೋ ಹಾಗೆಯೇ, ಇಂದಿನ ಪ್ರೇಕ್ಷಕರ ಮುಂದೆ ಮತ್ತೆ ಆಡಿ ತೋರಿಸುವುದು ಇದರ ತಿರುಳು. ಅಲ್ಲಿ 'ಕಮ್ಯುನಿಟಿ ಥಿಯೇಟರ್' ಎಂದು ಕರೆಯುವ ಕೂಟಗಳು ನಮ್ಮ ಹವ್ಯಾಸಿ ರಂಗಭೂಮಿಗೆ ತೀರ ಸಮೀಪದವು. ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು ಸಂಜೆ ತಾಲೀಮಿಗೆ ಬರುವವರೇ ಅವುಗಳ ನಟರು. ಟಿಕೆಟ್ ಮಾರುವವರೂ ಅವರೇ, ಆಟ ಮುಗಿದ ಮೇಲೆ ಕುರ್ಚಿ ಎತ್ತಿಡುವವರೂ ಅವರೇ. ಮುಂಬಯಿ, ಪುಣೆ, ಚೆನ್ನೈಗಳ ಕನ್ನಡ ಸಂಘಗಳಲ್ಲಿ ನಾಟಕವಾಡಿ ಬಲ್ಲವರಿಗೆ ಈ ಚಿತ್ರ ಹೊಸದಲ್ಲ.

ರಂಗದ ಮೇಲೆ ಕಾಣುವುದು ಇಷ್ಟೇ: ಎತ್ತರದ ಎರಡು ಮೂರು ಮೈಕುಗಳು, ಅವುಗಳ ಹಿಂದೆ ಒಂದು ಸಾಲು ಕುರ್ಚಿ, ಒಂದು ಬದಿಗೆ ಪಿಯಾನೋ ಅಥವಾ ಆರ್ಗನ್, ಮತ್ತೊಂದು ಬದಿಗೆ ಗುಜರಿ ಅಂಗಡಿಯಿಂದ ತಂದಂತೆ ತೋರುವ ಸಾಮಾನುಗಳನ್ನು ಹೇರಿದ ಮೇಜು. ಪ್ರಸಾರ ಆರಂಭವಾಯಿತೆಂದು ತಿಳಿಸುವ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಆ ಕಾಲದ ಉಡುಪು ತೊಟ್ಟ ನಟರು ಸಂಭಾಷಣೆಯ ಹಾಳೆಗಳನ್ನು ಕೈಯಲ್ಲಿ ಹಿಡಿದು ಮೈಕಿನ ಮುಂದೆ ಬಂದು ನಿಲ್ಲುತ್ತಾರೆ. 'ಚಪ್ಪಾಳೆ' ಎಂದು ಬರೆದ ಫಲಕವನ್ನು ಒಬ್ಬರು ಎತ್ತಿ ಹಿಡಿದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಹೀಗೆ ಆ ಸಂಜೆ ಪ್ರೇಕ್ಷಕರಿಗೂ ಒಂದು ಪಾತ್ರವಿದೆ: ಅವರು ಹಳೆಯ ಸ್ಟುಡಿಯೋದ ಪ್ರೇಕ್ಷಕರಾಗಿ ಅಭಿನಯಿಸುತ್ತಾರೆ.

ಇಲ್ಲೊಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಮೂಲ ಪ್ರಸಾರಗಳ ಸಾವಿರಾರು ಧ್ವನಿಮುದ್ರಿಕೆಗಳು ಉಳಿದು ಬಂದಿವೆ. ಅಂತರಜಾಲದಲ್ಲಿ ಕಾಸು ಖರ್ಚಿಲ್ಲದೆ ಕೇಳಲು ದೊರೆಯುತ್ತವೆ. ಆರ್ಸನ್ ವೆಲ್ಸ್ ಅವರ ಕಂಠವೇ ಕೈಗೆಟುಕುವಾಗ ಅದೇ ನಾಟಕವನ್ನು ಊರಿನ ಔಷಧಿ ಅಂಗಡಿಯವರ ಕಂಠದಲ್ಲಿ ಕೇಳುವುದೇಕೆ? ಉತ್ತರಕ್ಕೆ ಆ ನಾಟಕಗಳು ಹುಟ್ಟಿದ ಬಗೆಯನ್ನು ನೋಡಬೇಕು.

ಒಂದೇ ರಾತ್ರಿ ಎರಡು ಬಾರಿ

ಅಮೆರಿಕದ ಬಾನುಲಿ ಆರಂಭದಿಂದಲೂ ಬಹುಮಟ್ಟಿಗೆ ಖಾಸಗಿ ಒಡೆತನದ್ದು, ಜಾಹೀರಾತಿನಿಂದ ಬದುಕಿದ್ದು. 1926ರಲ್ಲಿ ಎನ್‌ಬಿಸಿ, ಮರುವರ್ಷ ಸಿಬಿಎಸ್ ಜಾಲಗಳು ಹುಟ್ಟಿಕೊಂಡ ಮೇಲೆ ಒಂದೇ ಕಾರ್ಯಕ್ರಮವನ್ನು ದೇಶದ ಎರಡೂ ಕರಾವಳಿಗಳವರೆಗೆ ಕೇಳಿಸುವುದು ಸಾಧ್ಯವಾಯಿತು. ಸಾಬೂನು, ಕಾಫಿ, ಸಿಗರೇಟು ಕಂಪನಿಗಳು ನಾಟಕಗಳನ್ನು ಪ್ರಾಯೋಜಿಸಿದವು. ನಮ್ಮ ಸ್ನಾನದ ಮನೆಗಳಿಗೂ ಪರಿಚಿತವಾದ ಲಕ್ಸ್ ಸಾಬೂನಿನ ಹೆಸರಿನಲ್ಲಿ 'ಲಕ್ಸ್ ರೇಡಿಯೋ ಥಿಯೇಟರ್' ಎಂಬ ಕಾರ್ಯಕ್ರಮ 1934ರಿಂದ 1955ರವರೆಗೆ ನಡೆಯಿತು. ಜನಪ್ರಿಯ ಚಲನಚಿತ್ರಗಳನ್ನು ಒಂದು ಗಂಟೆಯ ಬಾನುಲಿ ನಾಟಕಗಳಾಗಿಸಿ, ಹೆಸರಾಂತ ತಾರೆಯರಿಂದಲೇ ಓದಿಸುವುದು ಅದರ ವಿಶೇಷ. ಹಗಲಿನ ಧಾರಾವಾಹಿಗಳಿಗೆ 'ಸೋಪ್ ಆಪೆರಾ' ಎಂಬ ಹೆಸರು ಬಂದದ್ದೂ ಸಾಬೂನು ಕಂಪನಿಗಳ ಹಣದಿಂದಲೇ.

ಈ ಕಾರ್ಯಕ್ರಮಗಳೆಲ್ಲ ನೇರಪ್ರಸಾರಗಳು. ದೊಡ್ಡ ಜಾಲಗಳು 1940ರ ದಶಕದ ಉತ್ತರಾರ್ಧದವರೆಗೆ ಮುದ್ರಿತ ಕಾರ್ಯಕ್ರಮಗಳಿಗೆ ಬಾಗಿಲು ಮುಚ್ಚಿದ್ದವು. ನ್ಯೂಯಾರ್ಕಿನಲ್ಲಿ ರಾತ್ರಿ ಎಂಟಾದಾಗ ಪಶ್ಚಿಮ ಕರಾವಳಿಯಲ್ಲಿ ಸಂಜೆ ಐದು. ಆದ್ದರಿಂದ ಎಷ್ಟೋ ತಂಡಗಳು ಪೂರ್ವದ ಕೇಳುಗರಿಗಾಗಿ ಒಮ್ಮೆ ನಾಟಕವಾಡಿ, ಮೂರು ಗಂಟೆಗಳ ಅನಂತರ ಮತ್ತೆ ಬಂದು ಪಶ್ಚಿಮದವರಿಗಾಗಿ ಅದನ್ನೇ ಮೊದಲಿನಿಂದ ಆಡುತ್ತಿದ್ದವು. ಗಾಯಕ ಬಿಂಗ್ ಕ್ರಾಸ್ಬಿ 1946ರಲ್ಲಿ ಬೇರೊಂದು ಜಾಲಕ್ಕೆ ಹೋಗಿ, ತಮ್ಮ ಕಾರ್ಯಕ್ರಮವನ್ನು ಮೊದಲೇ ಮುದ್ರಿಸಿ ಪ್ರಸಾರ ಮಾಡತೊಡಗಿದ ಮೇಲೆಯೇ ಈ ಕಟ್ಟಳೆ ಸಡಿಲಗೊಂಡದ್ದು. ಅಂದಮೇಲೆ ಇಂದು ನಮಗೆ ಕೇಳಸಿಗುವ ಹಳೆಯ ಧ್ವನಿಮುದ್ರಿಕೆಗಳು ಕೇಳುಗರಿಗಾಗಿ ಮಾಡಿದವಲ್ಲ. ಪ್ರಾಯೋಜಕರ ಕಡತಕ್ಕೋ, ನಟರ ಸ್ವಂತ ಸಂಗ್ರಹಕ್ಕೋ, ಯುದ್ಧಕಾಲದಲ್ಲಿ ಸೈನಿಕರಿಗೆ ಕಳುಹಿಸುವುದಕ್ಕೋ ಹದಿನಾರು ಅಂಗುಲದ ತಟ್ಟೆಗಳ ಮೇಲೆ, ಮಗ್ಗುಲೊಂದಕ್ಕೆ ಹದಿನೈದು ನಿಮಿಷಗಳಂತೆ ಕೊರೆದಿಟ್ಟವು. ಯುದ್ಧದ ವರ್ಷಗಳಲ್ಲಿ ಅಲ್ಯುಮಿನಿಯಮ್ ಅಭಾವದಿಂದ ಗಾಜಿನ ಮೇಲೆ ಅರಗಿನಂಥ ಲೇಪ ಬಳಿದು ತಟ್ಟೆ ಮಾಡುತ್ತಿದ್ದರು. ಅವುಗಳಲ್ಲಿ ಒಡೆದು ಹೋದವುಗಳಿಗೆ ಲೆಕ್ಕವಿಲ್ಲ.

ಇದನ್ನು ನೆನಪಿಟ್ಟರೆ ಮರುಪ್ರಯೋಗದ ಅರ್ಥ ತಿಳಿಯುತ್ತದೆ. ಬಾನುಲಿ ನಾಟಕ ಅಂದು ಒಂದು ವಸ್ತುವಾಗಿರಲಿಲ್ಲ, ಒಂದು ಪ್ರದರ್ಶನವಾಗಿತ್ತು. ಒಂದೇ ನಾಟಕದ ಎರಡು ಪ್ರದರ್ಶನಗಳು ಒಂದೇ ರಾತ್ರಿಯಲ್ಲಿಯೂ ಒಂದೇ ಬಗೆಯಾಗಿರುತ್ತಿರಲಿಲ್ಲ. ಧ್ವನಿಮುದ್ರಿಕೆ ನಮಗೆ ಕೊಡುವುದು ಅವುಗಳಲ್ಲಿ ಯಾವುದೋ ಒಂದರ ನೆರಳನ್ನು.

ದೂರದರ್ಶನ ಬಂದ ಮೇಲೆ ಪ್ರಾಯೋಜಕರು ಅತ್ತ ಹೊರಳಿದರು. 1962ರ ಸೆಪ್ಟೆಂಬರ್ 30ರಂದು ಸಿಬಿಎಸ್ ಜಾಲ 'ಸಸ್ಪೆನ್ಸ್' ಮತ್ತು 'ಯುವರ್ಸ್ ಟ್ರೂಲಿ, ಜಾನಿ ಡಾಲರ್' ಎಂಬ ತನ್ನ ಕೊನೆಯ ಎರಡು ನಾಟಕ ಸರಣಿಗಳನ್ನು ನಿಲ್ಲಿಸಿತು. ಆ ದಿನವನ್ನೇ ಅಮೆರಿಕದ ಬಾನುಲಿ ನಾಟಕದ ಸುವರ್ಣಯುಗದ ಕೊನೆಯೆಂದು ಅಭ್ಯಾಸಿಗಳು ಎಣಿಸುತ್ತಾರೆ.

ಹವ್ಯಾಸಿಗಳ ಕೈಗೆ

ಉದ್ಯಮ ಕೈಬಿಟ್ಟದ್ದನ್ನು ಎತ್ತಿಕೊಂಡವರು ಸಂಗ್ರಾಹಕರು. ತಟ್ಟೆಗಳಿಂದ ಟೇಪಿಗೆ ಇಳಿಸಿ ಒಬ್ಬರಿಗೊಬ್ಬರು ಹಂಚಿಕೊಳ್ಳುವ ಕೂಟಗಳು ಹುಟ್ಟಿದವು. 1974ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆರಂಭವಾದ 'ಸ್ಪರ್ಡ್‌ವ್ಯಾಕ್' ಇವುಗಳಲ್ಲಿ ಹಿರಿದು. ಪೂರ್ವ ಕರಾವಳಿಯಲ್ಲಿ 'ಫ್ರೆಂಡ್ಸ್ ಆಫ್ ಓಲ್ಡ್ ಟೈಮ್ ರೇಡಿಯೋ' ಎಂಬ ಬಳಗ ನ್ಯೂಜೆರ್ಸಿಯ ನೆವಾರ್ಕಿನಲ್ಲಿ ವರ್ಷಕ್ಕೊಮ್ಮೆ ಸಮ್ಮೇಳನ ಸೇರುತ್ತಿತ್ತು. ಆರಂಭದಲ್ಲಿ ಟೇಪುಗಳ ವಿನಿಮಯಕ್ಕೆ ಸೇರಿದವರಿಗೆ, ಆ ನಾಟಕಗಳನ್ನಾಡಿದ ಕಲಾವಿದರು ಇನ್ನೂ ಬದುಕಿದ್ದಾರೆ, ಕರೆದರೆ ಬರುತ್ತಾರೆ ಎಂಬುದು ಅರಿವಾಯಿತು. ಎಪ್ಪತ್ತು ಎಂಬತ್ತು ದಾಟಿದ ಹಿರಿಯರು ಮತ್ತೆ ಮೈಕಿನ ಮುಂದೆ ನಿಂತು ತಮ್ಮ ಹಳೆಯ ಪಾತ್ರಗಳನ್ನು ಓದಿದರು. ಚಿಕ್ಕ ಪಾತ್ರಗಳನ್ನು ಸಮ್ಮೇಳನಕ್ಕೆ ಬಂದ ಅಭಿಮಾನಿಗಳು ತುಂಬಿದರು. ಪುಸ್ತಕದಿಂದ ಕಲಿಯಲಾಗದ ಎಷ್ಟೋ ಸೂಕ್ಷ್ಮಗಳು ಹೀಗೆ ಪಕ್ಕದಲ್ಲಿ ನಿಂತವರಿಗೆ ದಾಟಿದವು. ಕಲಾವಿದರು ಒಬ್ಬೊಬ್ಬರಾಗಿ ಅಗಲಿದಂತೆ ಸಭೆಯೂ ಬರಿದಾಗುತ್ತ ಬಂದು, ನೆವಾರ್ಕಿನ ಸಮ್ಮೇಳನ 2011ರಲ್ಲಿ ಕೊನೆಗೊಂಡಿತು. ಬಾನುಲಿ ನಾಟಕಕಾರರಲ್ಲಿ ಅಗ್ರಗಣ್ಯರಾದ ನಾರ್ಮನ್ ಕಾರ್ವಿನ್ ತಮ್ಮ 101ನೆಯ ವಯಸ್ಸಿನಲ್ಲಿ ತೀರಿಕೊಂಡದ್ದೂ ಅದೇ ವರ್ಷ.

ಈ ನಡುವೆ ಹೊಸ ನಾಟಕಗಳನ್ನು ಬರೆದಾಡುವ ತಂಡಗಳೂ ಎದ್ದವು. 1984ರಲ್ಲಿ ಸ್ಥಾಪನೆಯಾದ ಅಟ್ಲಾಂಟಾ ರೇಡಿಯೋ ಥಿಯೇಟರ್ ಕಂಪನಿ ಅವುಗಳಲ್ಲೊಂದು. ಗ್ಯಾರಿಸನ್ ಕೀಲರ್ 1974ರಲ್ಲಿ ಮಿನ್ನೆಸೋಟದಿಂದ ಆರಂಭಿಸಿದ 'ಎ ಪ್ರೇರಿ ಹೋಮ್ ಕಂಪ್ಯಾನಿಯನ್' ಕಾರ್ಯಕ್ರಮ, ಸಭಾಂಗಣದಲ್ಲಿ ಪ್ರೇಕ್ಷಕರನ್ನು ಕೂರಿಸಿಕೊಂಡು ಬಾನುಲಿ ಹಾಸ್ಯ ಆಡುವ ಪದ್ಧತಿಯನ್ನು ಹೊಸ ಪೀಳಿಗೆಗೆ ಪರಿಚಯಿಸಿತು.

ಆದರೆ ಊರೂರಿನ ತಂಡಗಳಿಗೆ ಈ ಪ್ರಕಾರ ತಲುಪಿದ್ದಕ್ಕೆ ಮುಖ್ಯ ಕಾರಣ ಒಂದು ಕ್ರಿಸ್‌ಮಸ್ ಕಥೆ. ಫ್ರಾಂಕ್ ಕ್ಯಾಪ್ರಾ ಅವರ 1946ರ ಚಿತ್ರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಮರುವರ್ಷದ ಮಾರ್ಚಿನಲ್ಲಿ ಲಕ್ಸ್ ರೇಡಿಯೋ ಥಿಯೇಟರಿನಲ್ಲಿ ಮೂಲ ತಾರೆಯರಾದ ಜೇಮ್ಸ್ ಸ್ಟೀವರ್ಟ್ ಮತ್ತು ಡಾನ್ನಾ ರೀಡ್ ಅವರಿಂದಲೇ ಪ್ರಸಾರವಾಗಿತ್ತು. ಇದೇ ಕಥೆಯನ್ನು ಜೋ ಲ್ಯಾಂಡ್ರಿ ಎಂಬ ನಾಟಕಕಾರರು 1990ರ ದಶಕದಲ್ಲಿ ರಂಗದ ಮೇಲಿನ ಬಾನುಲಿ ನಾಟಕವಾಗಿ ಬರೆದರು. 1946ರ ಕ್ರಿಸ್‌ಮಸ್ ಮುನ್ನಾದಿನ ಕಲ್ಪಿತ ಬಾನುಲಿ ಕೇಂದ್ರವೊಂದರಲ್ಲಿ ಐವರು ನಟರು ಊರಿಗೆ ಊರನ್ನೇ ತಮ್ಮ ಧ್ವನಿಗಳಿಂದ ಕಟ್ಟುತ್ತಾರೆ ಎಂಬುದು ಅದರ ಚೌಕಟ್ಟು. ಡಿಸೆಂಬರ್ ಬಂತೆಂದರೆ ಅಮೆರಿಕದ ಯಾವುದಾದರೂ ಊರಿನಲ್ಲಿ ಈ ನಾಟಕ ನಡೆಯುತ್ತಲೇ ಇರುತ್ತದೆ.

ತಂಡಗಳಿಗೆ ಇದರಲ್ಲಿ ಲೌಕಿಕ ಅನುಕೂಲಗಳೂ ಇವೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ರಂಗಸಜ್ಜಿಕೆಯ ವೆಚ್ಚವಿಲ್ಲ. ಸಂಭಾಷಣೆ ಬಾಯಿಪಾಠ ಮಾಡಬೇಕಿಲ್ಲವಾಗಿ ತಾಲೀಮಿನ ದಿನಗಳು ಕಡಿಮೆ. ಮಂಡಿನೋವಿನ ಹಿರಿಯರು ಕುರ್ಚಿಯಿಂದೆದ್ದು ಮೈಕಿನವರೆಗೆ ನಡೆದರೆ ಸಾಕು. ಧ್ವನಿಯಲ್ಲಿ ಹದಿಹರೆಯವಿದ್ದರೆ ಅರುವತ್ತರವರೂ ನಾಯಕಿಯಾಗಬಹುದು. 2020ರಲ್ಲಿ ಸೋಂಕಿನ ಭೀತಿಯಿಂದ ರಂಗಮಂದಿರಗಳು ಮುಚ್ಚಿದಾಗ ಹಲವು ತಂಡಗಳನ್ನು ಕಾಪಾಡಿದ್ದೂ ಈ ಪ್ರಕಾರವೇ. ಒಬ್ಬೊಬ್ಬರು ತಮ್ಮ ಮನೆಯಲ್ಲಿಯೇ ಕುಳಿತು ಓದಿದ್ದನ್ನು ಜೋಡಿಸಿ ಕೇಳಿಸಿದರು.

ಮೇಜಿನ ಮೇಲಿನ ಮಳೆ

ಪ್ರೇಕ್ಷಕರ ಕಣ್ಣು ಹೆಚ್ಚಾಗಿ ನೆಟ್ಟಿರುವುದು ನಟರ ಮೇಲಲ್ಲ, ಶಬ್ದದ ಮೇಜಿನ ಮೇಲೆ. ಇದು ಈ ಪ್ರಯೋಗದ ಸ್ವಾರಸ್ಯ. ಇದರ ಅಪಾಯವೂ ಹೌದು.

ಕುದುರೆಯ ಗೊರಸಿಗೆ ತೆಂಗಿನ ಚಿಪ್ಪಿನ ಎರಡು ಹೋಳುಗಳೆಂಬುದು ಎಲ್ಲರಿಗೂ ಗೊತ್ತು. ಅದರಲ್ಲಿಯೂ ಮರ್ಮವಿದೆ: ಜೆಲ್ಲಿ ಕಲ್ಲು ತುಂಬಿದ ತಟ್ಟೆಯ ಮೇಲೆ ಬಡಿದರೆ ಹೆದ್ದಾರಿ, ಮಣ್ಣಿನ ಮೇಲೆ ಬಡಿದರೆ ಹೊಲದ ದಾರಿ, ಹಲಗೆಯ ಮೇಲೆ ಬಡಿದರೆ ಸೇತುವೆ. ನಡಿಗೆ, ಓಟ, ನಾಗಾಲೋಟಗಳ ಲಯ ಬೇರೆ ಬೇರೆ. ಅದನ್ನು ತಬಲಾ ಕಲಿಯುವಂತೆ ಕಲಿಯಬೇಕು. 1933ರಲ್ಲಿ ಡೆಟ್ರಾಯಿಟ್ ನಗರದ ಕೇಂದ್ರವೊಂದರಿಂದ ಆರಂಭವಾದ 'ದಿ ಲೋನ್ ರೇಂಜರ್' ಸರಣಿಯಲ್ಲಿ ಕುದುರೆಯೂ ಒಂದು ಪಾತ್ರ. ಅಂಥ ಕಥೆಯಲ್ಲಿ ಗೊರಸಿನ ಲಯ ತಪ್ಪಿದರೆ ನಟ ಮಾತು ತಪ್ಪಿದಂತೆಯೇ.

ಹಿಮದ ಮೇಲಿನ ನಡಿಗೆಗೆ ಕಾರ್ನ್ ಫ್ಲೋರ್ ತುಂಬಿದ ಚೀಲವನ್ನು ಹೆಜ್ಜೆಯ ಲಯಕ್ಕೆ ಹಿಸುಕುತ್ತಾರೆ. ಆ ಹಿಟ್ಟು ಕಿರುಗುಟ್ಟುವ ಸದ್ದು ನಿಜವಾದ ಹಿಮದ ಸದ್ದಿಗಿಂತ ಹೆಚ್ಚು ಹಿಮದಂತೆ ಕೇಳುತ್ತದೆ. ಬೆಂಕಿಗೆ ಮೈಕಿನ ಹತ್ತಿರ ಮುದುರುವ ಸೆಲ್ಲೋಫೇನ್ ಕಾಗದ. ಗುಡುಗಿಗೆ ನೇತುಹಾಕಿದ ತೆಳು ತಗಡು. ಮಳೆಗೆ ಕಾಗದದ ಮೇಲೆ ಸುರಿಯುವ ಅಕ್ಕಿ. ಗಾಳಿಗೆ, ಪಟ್ಟಿಗಳನ್ನು ಬಡಿದ ಮರದ ಉರುಳೆಯ ಮೇಲೆ ಒರಟು ಬಟ್ಟೆ ಬಿಗಿದು ತಿರುಗಿಸುವ ಯಂತ್ರ. ವೇಗ ಹೆಚ್ಚಿಸಿದಂತೆ ಗಾಳಿಯ ಶ್ರುತಿ ಏರುತ್ತದೆ. ಮೂಳೆ ಮುರಿಯುವ ಸದ್ದಿಗೆ ಸೆಲರಿ ದಂಟು, ಇರಿತಕ್ಕೆ ಎಲೆಕೋಸು. ಗುಂಡಿನ ಸದ್ದಿಗೆ ಚರ್ಮದ ದಿಂಬಿನ ಮೇಲೆ ತೆಳುವಾದ ಪಟ್ಟಿಯಿಂದ ಒಂದೇ ಹೊಡೆತ. ಬಾಗಿಲಿಗೆ ಮಾತ್ರ ಬದಲಿಯಿಲ್ಲ: ಚೌಕಟ್ಟು, ಚಿಲಕ, ಬೀಗಗಳೊಡನೆ ಮೊಳಕಾಲೆತ್ತರದ ನಿಜವಾದ ಬಾಗಿಲನ್ನೇ ಮಾಡಿಟ್ಟುಕೊಳ್ಳುತ್ತಾರೆ.

ಈ ವಿದ್ಯೆಗೆ ಅಂದು ಹೆಸರಾದವರಲ್ಲಿ ಸಿಬಿಎಸ್ ಜಾಲದ ಶಬ್ದವಿಭಾಗದ ಓರಾ ನಿಕೋಲ್ಸ್ ಪ್ರಮುಖರು. ಗಂಡಸರೇ ತುಂಬಿದ್ದ ಆ ವೃತ್ತಿಯಲ್ಲಿ ಮುಂದಾಳಾಗಿ ನಿಂತ ಮಹಿಳೆ. ಮಂಗಳಗ್ರಹದ ನೌಕೆಯ ಮುಚ್ಚಳ ತೆರೆದುಕೊಳ್ಳುವ ಸದ್ದಿಗಾಗಿ ಸ್ಟುಡಿಯೋದ ಶೌಚಾಲಯದಲ್ಲಿ ಗಾಜಿನ ಜಾಡಿಯ ಮುಚ್ಚಳವನ್ನು ತಿರುಗಿಸಲಾಯಿತು, ಅಲ್ಲಿಯ ಗೋಡೆಗಳ ಮಾರ್ದನಿಯೇ ಅದಕ್ಕೆ ಬೇಕಿತ್ತು ಎಂಬ ಕಥೆ ಇಂದಿಗೂ ಪ್ರಚಲಿತವಾಗಿದೆ.

ಅಪಾಯವೆಂದೆನಲ್ಲ, ಅದು ಹೀಗೆ. ಕೇಳುವಾಗ ನಾವು ಹಿಮದಲ್ಲಿ ನಡೆಯುವವನನ್ನು ಕಾಣುತ್ತೇವೆ. ನೋಡುವಾಗ ಹಿಟ್ಟಿನ ಚೀಲವನ್ನು ಕಾಣುತ್ತೇವೆ. ಭಯದ ನಾಟಕದಲ್ಲಿ ಕೊಲೆಗಾರನ ಚೂರಿಯ ಬದಲು ಎಲೆಕೋಸು ಕಂಡರೆ ಸಭೆ ನಗುತ್ತದೆ, ನಾಟಕ ಸಾಯುತ್ತದೆ. ಅನುಭವಸ್ಥ ತಂಡಗಳು ಆದ್ದರಿಂದ ಹಾಸ್ಯಕ್ಕೆ ಮೇಜನ್ನು ಬೆಳಕಿಗೆ ಎಳೆದು, ಭಯಾನಕಕ್ಕೆ ದೀಪ ತಗ್ಗಿಸಿ ಮೇಜನ್ನು ಕತ್ತಲಲ್ಲಿಡುತ್ತವೆ. ಸದ್ದು ಮಾಡುವವರು ಮೆಚ್ಚುಗೆಗಾಗಿ ಸಭೆಯತ್ತ ನೋಡತೊಡಗಿದರೆ ಅಂಥವರನ್ನು ಪರದೆಯ ಹಿಂದೆ ಕೂರಿಸುವುದೇ ಲೇಸು.

ಮೈಕಿನ ಮುಂದೆ

ಆ ಕಾಲದ ಹೆಸರಾಂತ ರಿಬ್ಬನ್ ಮೈಕಿಗೆ ಮುಂದೆಯೂ ಹಿಂದೆಯೂ ಕಿವಿಯಿತ್ತು, ಎರಡು ಪಕ್ಕಗಳು ಮಾತ್ರ ಕಿವುಡು. ಇಬ್ಬರು ನಟರು ಮೈಕಿನ ಎರಡೂ ಕಡೆ ಎದುರುಬದುರಾಗಿ ನಿಂತು, ಒಬ್ಬರ ಕಣ್ಣನ್ನೊಬ್ಬರು ನೋಡುತ್ತ ಮಾತಾಡಬಹುದಾಗಿತ್ತು. ಪಾತ್ರ ದೂರ ಹೋಗಬೇಕಾದಾಗ ನಟ ಕಿವುಡು ಪಕ್ಕಕ್ಕೆ ಅರ್ಧ ಹೆಜ್ಜೆ ಸರಿದರೆ ಸಾಕು, ಕೇಳುಗನಿಗೆ ಆತ ಹತ್ತು ಮಾರು ಹೋದಂತೆ. ಇಂದಿನ ಸಾಮಾನ್ಯ ರಂಗಮೈಕಿಗೆ ಒಂದೇ ಮುಖ. ಹಳೆಯ ಧ್ವನಿಮುದ್ರಿಕೆಯನ್ನು ಕೇಳಿ ಅನುಕರಿಸುವವರು ಎಡವುವುದು ಇಲ್ಲಿಯೇ. ಸಂಭಾಷಣೆಯ ಹಾಳೆಗಳನ್ನು ಎಂದೂ ಪಿನ್ನು ಹಾಕಿ ಜೋಡಿಸುವುದಿಲ್ಲ. ಓದಿ ಮುಗಿದ ಹಾಳೆಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಬೇಕು, ಇಲ್ಲವೇ ಮೆಲ್ಲಗೆ ನೆಲಕ್ಕೆ ಬಿಡಬೇಕು.

ಧ್ವನಿಯೊಂದರಿಂದಲೇ ನಡೆಯುವ ಅಭಿನಯಕ್ಕೆ ಲೂಸಿಲ್ ಫ್ಲೆಚರ್ ಬರೆದ 'ಸಾರಿ, ರಾಂಗ್ ನಂಬರ್' ಒರೆಗಲ್ಲು. 1943ರ ಮೇ 25ರಂದು 'ಸಸ್ಪೆನ್ಸ್' ಸರಣಿಯಲ್ಲಿ ಆಗ್ನೆಸ್ ಮೂರ್‌ಹೆಡ್ ಇದನ್ನು ಮೊದಲು ಆಡಿದರು. ಕೇಳುಗರ ಒತ್ತಾಯಕ್ಕೆ ಮುಂದೆ ಹಲವು ಸಲ ಮತ್ತೆ ಆಡಿದರು. ಹಾಸಿಗೆ ಹಿಡಿದ ಶ್ರೀಮಂತ ಹೆಂಗಸೊಬ್ಬಳಿಗೆ ದೂರವಾಣಿಯಲ್ಲಿ ನಾವು 'ಕ್ರಾಸ್ ಕನೆಕ್ಷನ್' ಎನ್ನುವಂಥದ್ದು ಸಿಕ್ಕಿ, ಇಬ್ಬರು ಅಪರಿಚಿತರು ಕೊಲೆಯೊಂದಕ್ಕೆ ಹೊತ್ತು ಗೊತ್ತುಮಾಡುತ್ತಿರುವುದು ಕೇಳಿಸುತ್ತದೆ. ಅರ್ಧ ಗಂಟೆಯುದ್ದಕ್ಕೂ ಆಕೆಯ ಗಾಬರಿ, ನಂಬರು ತಿರುಗಿಸುವ ಸದ್ದು, ಆಪರೇಟರುಗಳ ನಿರ್ಭಾವುಕ ಮಾತು, ದೂರದ ರೈಲು. ಈ ನಾಟಕಕ್ಕೆ ತಿರುಗಣಿಯ ಹಳೆಯ ಫೋನು ಹುಡುಕಿ ತರುವುದೇ ಈಗ ಒಂದು ಸಾಹಸ. ಅದಕ್ಕಿಂತ ಕಷ್ಟದ್ದು, ಆ ಸದ್ದನ್ನು ಎಂದೂ ಕೇಳದ ಹುಡುಗ ಹುಡುಗಿಯರಿಗೆ ಪ್ರತಿ ಅಂಕಿಯೂ ಎಷ್ಟು ನಿಧಾನ ಎಂಬುದು ಆತಂಕವಾಗಿ ತಟ್ಟುವಂತೆ ಮಾಡುವುದು. ಒಳ್ಳೆಯ ನಟಿ ಅದನ್ನು ಸಾಧಿಸುತ್ತಾಳೆ. ಮೂರ್‌ಹೆಡ್ ಅವರ ಧ್ವನಿಯನ್ನು ಅಣಕಿಸುವವಳಿಂದ ಅದು ಆಗದು.

ಹಾಸ್ಯದ ಕಷ್ಟ ಬೇರೆ ಬಗೆಯದು. ಜ್ಯಾಕ್ ಬೆನ್ನಿ ಬಾನುಲಿಯಲ್ಲಿ ಕಟ್ಟಿದ ಪಾತ್ರ ಒಬ್ಬ ಮಹಾಜಿಪುಣ. 1948ರ ಮಾರ್ಚ್ 28ರ ಪ್ರಸಾರದಲ್ಲಿ ದರೋಡೆಕೋರನೊಬ್ಬ ಆತನನ್ನು ಅಡ್ಡಗಟ್ಟಿ, ಹಣ ಕೊಡುವೆಯೋ ಪ್ರಾಣ ಕೊಡುವೆಯೋ ಎನ್ನುತ್ತಾನೆ. ಬೆನ್ನಿ ಮಾತಾಡುವುದಿಲ್ಲ. ಆ ಮೌನಕ್ಕೆ ಸಭೆ ನಗುತ್ತದೆ. ಕಳ್ಳ ತಾಳ್ಮೆಗೆಟ್ಟು ಮತ್ತೆ ಕೇಳಿದಾಗ, ಯೋಚಿಸುತ್ತಿದ್ದೇನೆ ಎಂಬ ಸಿಡುಕು. ವರ್ಷಗಟ್ಟಲೆ ಆ ಜಿಪುಣತನವನ್ನು ಕೇಳಿ ಬಲ್ಲವರಿಗೆ ಮಾತೇ ಬೇಕಿರಲಿಲ್ಲ. ಮರುಪ್ರಯೋಗದ ಪ್ರೇಕ್ಷಕರಿಗೆ ಆ ಪರಿಚಯವಿಲ್ಲ. ಅದನ್ನು ಮೊದಲ ಹತ್ತು ನಿಮಿಷಗಳಲ್ಲಿ ಕಟ್ಟಿಕೊಡದಿದ್ದರೆ ಮೌನ ಬರಿಯ ಮೌನವಾಗಿಯೇ ಉಳಿಯುತ್ತದೆ. 'ಫಿಬರ್ ಮೆಗೀ ಅಂಡ್ ಮಾಲಿ' ಸರಣಿಯ ಕಪಾಟಿನ ಹಾಸ್ಯಕ್ಕೆ ಈ ತೊಂದರೆಯಿಲ್ಲ. ಬಾಗಿಲು ತೆರೆದೊಡನೆ ಒಳಗಿನ ಸಾಮಾನೆಲ್ಲ ದಡಬಡನೆ ಉರುಳಿ, ಎಲ್ಲ ಮುಗಿಯಿತೆನ್ನುವಾಗ ಕೊನೆಗೊಂದು ಪುಟ್ಟ ಗಂಟೆ ಟಿಣ್ಣೆನ್ನುತ್ತದೆ. ಮೆಟ್ಟಿಲಿನಂಥ ಹಲಗೆಗಳ ಮೇಲೆ ಡಬ್ಬಿ, ಪಾತ್ರೆ, ಬೂಟುಗಳನ್ನು ಒಟ್ಟಿ ಒಮ್ಮೆಗೇ ತಳ್ಳುವ ಆ ಕ್ಷಣಕ್ಕೆ ಮಕ್ಕಳು ಕುರ್ಚಿಯ ಮೇಲೆ ಎದ್ದು ನಿಲ್ಲುತ್ತಾರೆ.

ಮಂಗಳಗ್ರಹದ ರಾತ್ರಿ

1938ರ ಅಕ್ಟೋಬರ್ 30, ಭಾನುವಾರ ರಾತ್ರಿ ಎಂಟು ಗಂಟೆ. ಇಪ್ಪತ್ತಮೂರರ ಹರೆಯದ ಆರ್ಸನ್ ವೆಲ್ಸ್ ತಮ್ಮ ಮರ್ಕ್ಯುರಿ ಥಿಯೇಟರ್ ತಂಡದೊಡನೆ ಎಚ್. ಜಿ. ವೆಲ್ಸ್ ಅವರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯನ್ನು ಸಿಬಿಎಸ್ ಜಾಲದಲ್ಲಿ ಆಡಿದರು. ರೂಪಾಂತರ ಹಾವರ್ಡ್ ಕಾಚ್ ಅವರದು. ನೃತ್ಯಸಂಗೀತವನ್ನು ತುಂಡರಿಸಿ ವಾರ್ತೆಗಳು ಬರುತ್ತವೆ, ಮಂಗಳಗ್ರಹದವರು ನ್ಯೂಜೆರ್ಸಿಯ ಗ್ರೋವರ್ಸ್ ಮಿಲ್ ಎಂಬಲ್ಲಿ ಇಳಿದಿದ್ದಾರೆ ಎಂಬುದು ನಾಟಕದ ತಂತ್ರ. ಇದು ನಾಟಕವೆಂಬ ಪ್ರಕಟಣೆ ಆರಂಭದಲ್ಲಿಯೇ ಇತ್ತು. ಆದರೆ ಅದೇ ಹೊತ್ತಿಗೆ ಬೇರೆ ಜಾಲದಲ್ಲಿ ಎಡ್ಗರ್ ಬರ್ಗೆನ್ ಎಂಬವರ ಮಾತಾಡುವ ಬೊಂಬೆಯ ಕಾರ್ಯಕ್ರಮ ಬಹು ಜನಪ್ರಿಯವಾಗಿತ್ತು. ತುಟಿಯಲುಗಿಸದೆ ಮಾತಾಡುವ ವಿದ್ಯೆಗೆ ಬಾನುಲಿಯಲ್ಲಿ ಅಷ್ಟು ಮನ್ನಣೆ ದೊರೆತದ್ದು ಒಂದು ವಿನೋದವೇ ಸರಿ. ಅಲ್ಲಿಂದ ತಡವಾಗಿ ಇತ್ತ ತಿರುಗಿಸಿದ ಕೆಲವರು ಪ್ರಕಟಣೆ ತಪ್ಪಿಸಿಕೊಂಡು ಗಾಬರಿಯಾದರು. ಇಡೀ ದೇಶವೇ ಬೀದಿಗಿಳಿಯಿತೆಂಬುದು ಮಾತ್ರ ಮರುದಿನದ ಪತ್ರಿಕೆಗಳು ಉಬ್ಬಿಸಿದ ಮಾತು. ಜಾಹೀರಾತಿನ ಹಣವನ್ನು ಬಾನುಲಿಗೆ ಬಿಟ್ಟುಕೊಡುತ್ತಿದ್ದ ಪತ್ರಿಕೆಗಳಿಗೆ ಅದು ಒದಗಿ ಬಂದ ಅವಕಾಶವಾಗಿತ್ತು ಎಂದು ಇತ್ತೀಚಿನ ಮಾಧ್ಯಮ ಇತಿಹಾಸಕಾರರು ಹೇಳುತ್ತಾರೆ.

ಪ್ರತಿ ಅಕ್ಟೋಬರಿನಲ್ಲಿ ಹಲವು ತಂಡಗಳು ಇದನ್ನು ಎತ್ತಿಕೊಳ್ಳುತ್ತವೆ. ಸಭೆಯಲ್ಲಿ ಈಗ ಮೋಸ ಹೋಗುವವರು ಯಾರೂ ಇಲ್ಲ. ಹಾಗಾದರೆ ನಾಟಕದಲ್ಲಿ ಉಳಿಯುವುದೇನು? ವರದಿಗಾರ ಮಾತಾಡುತ್ತಿದ್ದಂತೆಯೇ ಮೈಕು ಸತ್ತು, ಕೆಲವು ಕ್ಷಣ ಏನೂ ಕೇಳಿಸದ ಒಂದು ಘಟ್ಟವಿದೆ. ವೆಲ್ಸ್ ಆ ಮೌನವನ್ನು, ಸ್ಟುಡಿಯೋದವರಿಗೆ ಸಹಿಸಲಾಗದಷ್ಟು ಹೊತ್ತು ಬೇಕೆಂದೇ ಹಿಡಿದಿಟ್ಟರಂತೆ. ತುಂಬಿದ ಸಭಾಂಗಣದಲ್ಲಿ ನೂರಾರು ಜನ ಒಟ್ಟಿಗೆ ಉಸಿರು ಬಿಗಿಹಿಡಿಯುವ ಆ ಮೌನ ಧ್ವನಿಮುದ್ರಿಕೆಯಲ್ಲಿ ದೊರೆಯುವುದಲ್ಲ. ಮೊದಲು ಎತ್ತಿದ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ ಅದು.

ಯಾವುದನ್ನು ಬಿಡಬೇಕು?

ಹಳೆಯದೆಲ್ಲ ಹೊನ್ನಲ್ಲ. 1928ರಲ್ಲಿ ಷಿಕಾಗೋದಿಂದ ಆರಂಭವಾದ 'ಏಮಸ್ ಅಂಡ್ ಆಂಡಿ' ಒಂದು ಕಾಲಕ್ಕೆ ದೇಶದ ಅತ್ಯಂತ ಜನಪ್ರಿಯ ಕಾರ್ಯಕ್ರಮಗಳಲ್ಲೊಂದು. ಅದರ ಕರಿಯ ಪಾತ್ರಗಳಿಗೆ ಧ್ವನಿ ಕೊಟ್ಟವರು ಫ್ರೀಮನ್ ಗಾಸ್ಡೆನ್ ಮತ್ತು ಚಾರ್ಲ್ಸ್ ಕೊರೆಲ್ ಎಂಬ ಇಬ್ಬರು ಬಿಳಿಯರು. ಕರಿಯರ ಮಾತಿನ ಅಣಕವೇ ಅದರ ಹಾಸ್ಯ. 1931ರಷ್ಟು ಹಿಂದೆಯೇ ಕರಿಯರ ಪತ್ರಿಕೆಯೊಂದು ಅದರ ವಿರುದ್ಧ ಸಹಿ ಸಂಗ್ರಹಿಸಿತ್ತು. ಇಂದಿನ ತಂಡಗಳು ಇದನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಆದರೆ ಇಷ್ಟು ಸ್ಪಷ್ಟವಲ್ಲದ ನೂರಾರು ನಾಟಕಗಳಿವೆ: ಚೀನೀ ಅಡುಗೆಯವನೊಬ್ಬ, ಮಾಟ ಬಲ್ಲ ಭಾರತೀಯನೊಬ್ಬ ಎರಡು ನಿಮಿಷ ಬಂದು ಹೋಗುವಂಥವು. ಮೂಲಕ್ಕೆ ನಿಷ್ಠರಾಗಿರಬೇಕೆನ್ನುವವರು ಹಾಗೆಯೇ ಇಡಬೇಕೆನ್ನುತ್ತಾರೆ; ಊರಿನವರನ್ನು ನೋಯಿಸಬಾರದೆನ್ನುವವರು ಆ ಪುಟ ತೆಗೆಯುತ್ತಾರೆ. ಗ್ರಂಥಾಲಯ ಮೂಲವನ್ನು ಕಾಪಾಡಲಿ, ರಂಗದ ಮೇಲೆ ಪಕ್ಕದ ಮನೆಯವರ ಮುಂದೆ ನಿಂತವರಿಗೆ ಪುಟ ತೆಗೆಯುವ ಹಕ್ಕಿದೆ ಎಂಬುದು ಈ ಲೇಖಕನ ಪಕ್ಷ. ಜಾಹೀರಾತುಗಳ ವಿಷಯದಲ್ಲಿ ತಂಡಗಳು ಹೆಚ್ಚು ಜಾಣತನ ತೋರಿವೆ. ಗಂಟಲಿಗೆ ಹಿತವೆಂದು ಸಿಗರೇಟನ್ನು ಹೊಗಳುವ ಮೂಲ ಜಾಹೀರಾತಿನ ಜಾಗದಲ್ಲಿ ಅದೇ ಧಾಟಿಯಲ್ಲಿ ಊರಿನ ಬೇಕರಿಯನ್ನೋ ಗರಾಜನ್ನೋ ಹೊಗಳಿ, ಖರ್ಚಿನ ಒಂದು ಪಾಲನ್ನು ಅವರಿಂದಲೇ 'ಪ್ರಾಯೋಜಕತ್ವ'ವೆಂದು ಪಡೆಯುತ್ತಾರೆ.

ಹಕ್ಕುಗಳ ಮಾತೂ ಇದೆ. ಅಮೆರಿಕದ ಕಾನೂನಿನಂತೆ ನಾಟಕವೊಂದು ಪ್ರಸಾರವಾದ ಮಾತ್ರಕ್ಕೆ ಪ್ರಕಟವಾದಂತೆ ಅಲ್ಲ. ಹಾಗಾಗಿ ಎಂಬತ್ತು ವರ್ಷ ಹಳೆಯ ಸಾಹಿತ್ಯವೂ ಲೇಖಕರ ವಾರಸುದಾರರಿಗೆ ಸೇರಿರಬಹುದು. 2018ರ ಕಾಯಿದೆ 1972ಕ್ಕೆ ಮುಂಚಿನ ಧ್ವನಿಮುದ್ರಿಕೆಗಳನ್ನು ಕೇಂದ್ರ ಕಾನೂನಿನ ರಕ್ಷಣೆಗೆ ತಂದಿದ್ದು, ಕೆಲವಕ್ಕೆ ಆ ರಕ್ಷಣೆ 2067ರವರೆಗೆ ಉಂಟು. ಎಚ್ಚರದ ತಂಡಗಳು ಪ್ರಕಾಶಕರಿಂದ ಪ್ರತಿ ಪ್ರದರ್ಶನಕ್ಕೆ ಇಂತಿಷ್ಟೆಂದು ಗೌರವಧನ ತೆತ್ತು ಪರವಾನಗಿ ಪಡೆಯುತ್ತವೆ.

ಕನ್ನಡದ ಮಾತು

ಕನ್ನಡಕ್ಕೂ ಬಾನುಲಿಗೂ ಹಳೆಯ ನಂಟು. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ಹೆಸರಿನ ಕೇಂದ್ರವನ್ನು ಆರಂಭಿಸಿದರು. ಮುಂದೆ ಅಖಿಲ ಭಾರತ ಬಾನುಲಿಯೂ ಅದೇ ಹೆಸರನ್ನು ತಳೆಯಿತು. 1950ರಲ್ಲಿ ಧಾರವಾಡ ಕೇಂದ್ರ ಬಂತು. ಬಾನುಲಿಗೆಂದು ಹುಟ್ಟಿ ರಂಗಕ್ಕೆ ಬಂದ ಕೃತಿಯೂ ನಮ್ಮಲ್ಲಿದೆ: ಗಿರೀಶ ಕಾರ್ನಾಡರು ಟಿಪ್ಪುವಿನ ಕನಸುಗಳನ್ನು ಕುರಿತ ನಾಟಕವನ್ನು ಮೊದಲು ಬರೆದದ್ದು ಬಿಬಿಸಿ ಬಾನುಲಿಗಾಗಿ, 1997ರಲ್ಲಿ ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ಸಂದರ್ಭಕ್ಕೆ. 'ಟಿಪ್ಪು ಸುಲ್ತಾನ ಕಂಡ ಕನಸು' ಅನಂತರ ಕನ್ನಡ ರಂಗಭೂಮಿಯಲ್ಲಿ ನಿಂತಿತು.

ಹೊರನಾಡಿನ ಸಂಘಗಳಿಗೆ ಈ ಪ್ರಕಾರ ಒದಗಬಹುದೇ ಎಂದು ಕೇಳುವವರಿಗೆ ಒಂದು ತೊಡಕನ್ನು ಮೊದಲೇ ಹೇಳಬೇಕು. ನಮ್ಮ ಮನೆಗಳಲ್ಲಿ ಕನ್ನಡವನ್ನು ಸರಾಗವಾಗಿ ಮಾತಾಡಿಯೂ ಓದಲು ಬಾರದ ಮಕ್ಕಳು ಬೆಳೆಯುತ್ತಿದ್ದಾರೆ. ಸಾಮಾನ್ಯ ನಾಟಕದಲ್ಲಿ ಅವರು ಕೇಳಿ ಬಾಯಿಪಾಠ ಮಾಡಿ ಪಾರಾಗುತ್ತಾರೆ. ಬಾನುಲಿ ನಾಟಕದಲ್ಲಿ ಹಾಳೆ ಕೈಯಲ್ಲಿದ್ದೇ ತೀರಬೇಕು. ಮಾತನ್ನು ಇಂಗ್ಲಿಷ್ ಅಥವಾ ದೇವನಾಗರಿ ಅಕ್ಷರಗಳಲ್ಲಿ ಬರೆದುಕೊಂಡು ಓದಿದರೆ ಹ್ರಸ್ವದೀರ್ಘಗಳೂ ಳಕಾರವೂ ಎಡವುತ್ತವೆ, ಮೈಕು ಅದನ್ನು ಮುಚ್ಚುವುದಿಲ್ಲ. ತಾಲೀಮಿಗೆ ಮುಂಚೆ ಎರಡು ತಿಂಗಳು ಅಕ್ಷರದ ತಾಲೀಮು ಬೇಕಾದೀತು. ಪಾತ್ರ ಬೇಕೆಂಬ ಆಸೆಗೆ ಮಕ್ಕಳು ಅದಕ್ಕೂ ಕೂರುತ್ತಾರೆ.

ಕೃತಿಯ ಆಯ್ಕೆಯಲ್ಲಿ ನಮಗೆ ಅಮೆರಿಕದವರಷ್ಟು ಗೋಜಲಿಲ್ಲ. ಭಾರತದ ಕಾನೂನಿನಂತೆ ಲೇಖಕರು ತೀರಿಕೊಂಡ ಮೇಲೆ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಟಿ. ಪಿ. ಕೈಲಾಸಂ ಅವರ ನಾಟಕಗಳು 2007ರಿಂದ ಎಲ್ಲರಿಗೂ ಮುಕ್ತ. ಮಾತಿನ ವರಸೆಯಿಂದಲೇ ನಿಲ್ಲುವ ಅವು ಮೈಕಿಗೆ ಹೇಳಿ ಮಾಡಿಸಿದಂಥವು. 1984ರಲ್ಲಿ ತೀರಿಕೊಂಡ ಶ್ರೀರಂಗರ ನಾಟಕಗಳನ್ನು ಎತ್ತಿಕೊಳ್ಳುವವರು 2044ರ ಕೊನೆಯವರೆಗೂ ಹಕ್ಕುದಾರರ ಅನುಮತಿಯನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು.